ಹೊಸ ಮೊಣಕಾಲು, ಹಳೆಯ ಮೆಟ್ಟಿಲು

(ಇಗರ್ಜಿಯ ಶತಮಾನೋತ್ಸವದ ಅಂಗವಾಗಿ ಸೇರಿದ ಹಿರಿಯರ ಕೂಟದಲ್ಲಿ ನಿವೃತ್ತ ದೈಹಿಕ ಶಿಕ್ಷಣ ಅಧ್ಯಾಪಕರೊಬ್ಬರು ಮಾಡಿದ ಭಾಷಣ)



ಈ ವಿಷಯದ ಮೇಲೆ ಮಾತನಾಡಲು ವೈದ್ಯರೊಬ್ಬರನ್ನು ಕರೆಯುವುದು ಉಚಿತವಾಗಿತ್ತು. ನಮ್ಮ ಮಂಡಳಿಯವರು ಅದನ್ನು ಬಿಟ್ಟು ಒಬ್ಬ ಡ್ರಿಲ್ ಮಾಸ್ಟರನನ್ನು ವೇದಿಕೆ ಹತ್ತಿಸಿದ್ದಾರೆ. ಕಾರಣ ಕೇಳಿದರೆ, "ಮಾಸ್ಟ್ರೇ, ಡಾಕ್ಟರು ಮೊಣಕಾಲು ಹಾಕುವವರು, ತಾವು ಹಾಕಿಸಿಕೊಂಡವರು. ನಮ್ಮವರು ತಮ್ಮ ಮಾತನ್ನಾದರೂ ಕೇಳಿಯಾರು" ಎಂದರು. ಕೇಳುವುದು ಬಿಡುವುದು ತಮಗೆ ಸೇರಿದ್ದು. ನನಗೆ ತಿಳಿದಿರುವುದು ಎರಡೇ ಮೊಣಕಾಲುಗಳ ಕಥೆ. ಎರಡೂ ನನ್ನವೇ. ಬಲಗಾಲಿನ ಶಸ್ತ್ರಚಿಕಿತ್ಸೆ 2018ರ ನವೆಂಬರಿನಲ್ಲಿ ಆಯಿತು, ಎಡಗಾಲಿನದು 2022ರ ಜನವರಿಯಲ್ಲಿ. ಕಾಲಿನ ಒಡೆಯ ಒಬ್ಬನೇ. ಆದರೂ ಇಂದು ಎಡಗಾಲು ಚೆನ್ನಾಗಿ ಮಡಚುತ್ತದೆ, ಬಲಗಾಲು ಹಟ ಮಾಡುತ್ತದೆ. ಹೀಗೇಕಾಯಿತು ಎಂಬುದನ್ನೇ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ.

ಪ್ರಾಯದಲ್ಲಿ ನಾನು ನೆಹರೂ ಮೈದಾನದಲ್ಲಿ ಫುಟ್‌ಬಾಲ್ ಆಡಿದವನು. ಬಳಿಕ ಮೂವತ್ತೊಂದು ವರ್ಷ ಶಾಲೆಯ ಅಂಗಳದಲ್ಲಿ ಸೀಟಿ ಊದಿದೆ. ನಿವೃತ್ತನಾಗುವ ಹೊತ್ತಿಗೆ ಮೊಣಗಂಟಿನೊಳಗಿನ ಮೃದ್ವಸ್ಥಿ ಸವೆದು ಎಲುಬಿಗೆ ಎಲುಬು ತಾಗುವ ಸ್ಥಿತಿ ಬಂದಿತ್ತು. ರಾತ್ರಿ ನಿದ್ರೆಯಿಲ್ಲ. ಬಲಿಪೂಜೆಯಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದವನು ಕೊನೆಯ ಬೆಂಚಿಗೆ ಸರಿದೆ. ಮೊಣಕಾಲೂರದೆ ಕುಳಿತಿರುವುದು ಯಾರ ಕಣ್ಣಿಗೂ ಬೀಳಬಾರದೆಂಬ ನಾಚಿಕೆ. ನಮ್ಮ ಇಗರ್ಜಿಯ ಹತ್ತೊಂಬತ್ತು ಮೆಟ್ಟಿಲು ತಮಗೆಲ್ಲ ಗೊತ್ತು. ಹಿರಿಯರು ಕೆಂಪುಕಲ್ಲು ಹೊತ್ತು ಕಟ್ಟಿದ ಆ ಮೆಟ್ಟಿಲುಗಳನ್ನು ತಪ್ಪಿಸಿಕೊಳ್ಳಲು ಹಿಂಬದಿಯ ಗೇಟಿನವರೆಗೆ ಆಟೋದಲ್ಲಿ ಬರುತ್ತಿದ್ದೆ.

ಆರು ವರ್ಷ ಹೀಗೆಯೇ ದೂಡಿದೆ. ಹೆದರಿಕೆ ಒಂದು, ಹಣ ಇನ್ನೊಂದು. ಹಣದ ವಿಷಯದಲ್ಲಿ 2017ರ ಆಗಸ್ಟ್ ತಿಂಗಳು ನಮ್ಮಂಥವರಿಗೆ ಉಪಕಾರ ಮಾಡಿತು. ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಆಗ ಮೊಣಕಾಲಿನ ಕೃತಕ ಕೀಲಿಗೆ ಮಿತಿ ಹಾಕಿತು. ಹೆಚ್ಚಾಗಿ ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಂ ಕೀಲಿನ ಬೆಲೆ ಸರಾಸರಿ 1,58,000 ರೂಪಾಯಿಗಳಷ್ಟು ಇದ್ದದ್ದು, ತೆರಿಗೆ ಬಿಟ್ಟು, 54,720 ರೂಪಾಯಿಗಳಿಗೆ ಇಳಿಯಿತು. ಆಸ್ಪತ್ರೆಯ ಇತರ ಖರ್ಚು ಇದ್ದೇ ಇದೆ. ಆದರೂ ಬಾಗಿಲು ತೆರೆಯಿತು.

ಹೆದರಿಕೆಯನ್ನು ಕಳೆದುಕೊಳ್ಳಲು ಈ ಚಿಕಿತ್ಸೆ ಏನೆಂದು ತಿಳಿಯುವುದು ಒಳ್ಳೆಯದು. "ಕಾಲನ್ನು ಕತ್ತರಿಸಿ ಕಬ್ಬಿಣದ ಗಂಟು ಇಡುತ್ತಾರೆ" ಎಂದು ನಮ್ಮ ವಾಳೆಯಲ್ಲಿ ಇಂದಿಗೂ ಹೇಳುವವರಿದ್ದಾರೆ. ಹಾಗಲ್ಲ. ತೊಡೆಯ ಎಲುಬಿನ ಕೆಳತುದಿಯನ್ನೂ ಕಣಕಾಲಿನ ಎಲುಬಿನ ಮೇಲ್ತುದಿಯನ್ನೂ ಸುಮಾರು ಒಂದು ಸೆಂಟಿಮೀಟರಿನಷ್ಟು ಹೆರೆದು, ಅಲ್ಲಿ ಲೋಹದ ಹೊದಿಕೆ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ತಟ್ಟೆಯೊಂದನ್ನು ಇಡುತ್ತಾರೆ. ಸ್ನಾಯು, ಚರ್ಮ, ನರ ಎಲ್ಲವೂ ನಮ್ಮವೇ. ಇದರ ಮೊದಲ ಪ್ರಯತ್ನ ಬಹಳ ಹಳೆಯದು. ಬರ್ಲಿನ್ನಿನ ವೈದ್ಯ ಥೆಮಿಸ್ಟೋಕ್ಲಿಸ್ ಗ್ಲುಕ್ 1890ರಲ್ಲಿ ಆನೆಯ ದಂತದಿಂದ ಮಾಡಿದ ಕೀಲನ್ನು ರೋಗಿಯ ಮೊಣಕಾಲಿಗೆ ಜೋಡಿಸಿದ. ಅದೇ ವರ್ಷ ಜರ್ಮನಿಯವರೇ ಆದ ನಮ್ಮ ಪೂಜ್ಯ ಅಗಸ್ಟಸ್ ಮುಲ್ಲರ್ ಗುರುಗಳು, 1880ರಲ್ಲಿ ತೊಡಗಿದ ತಮ್ಮ ಔಷಧಾಲಯದ ಬಳಿಯಲ್ಲಿ, ಕಂಕನಾಡಿಯಲ್ಲಿ, ಕುಷ್ಠರೋಗಿಗಳಿಗಾಗಿ ಆಶ್ರಯವನ್ನು ತೆರೆದರು. ಗ್ಲುಕ್‌ನ ದಂತದ ಕೀಲುಗಳು ಸೋಂಕಿನಿಂದ ಉಳಿಯಲಿಲ್ಲ. ಇಂದಿನ ಮಾದರಿಯ ಕೀಲು ರೂಪುಗೊಂಡದ್ದು ಹೆಚ್ಚುಕಡಿಮೆ 1970ರ ದಶಕದಲ್ಲಿ. ಅದನ್ನು ನ್ಯೂಯಾರ್ಕಿನಲ್ಲಿ ರೂಪಿಸಿದವರಲ್ಲಿ ಒಬ್ಬರು ನಮ್ಮ ದೇಶದ ಚಿತ್ತರಂಜನ್ ರಾಣಾವತ್. ಇವರೇ 2000ದ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರ ಎಡಮೊಣಕಾಲನ್ನೂ 2001ರ ಜೂನಿನಲ್ಲಿ ಬಲಮೊಣಕಾಲನ್ನೂ ಬದಲಿಸಿದರು. ನಮ್ಮೂರಿನ ಕ್ಷೌರದಂಗಡಿಗಳಲ್ಲೂ ಆ ಶಸ್ತ್ರಚಿಕಿತ್ಸೆಯ ಚರ್ಚೆ ನಡೆದದ್ದು ನನಗೆ ನೆನಪಿದೆ. ಅವರ ನಡಿಗೆ ನಿಧಾನವಾಗಿಯೇ ಉಳಿಯಿತು, ನಿಜ. ಆದರೆ 2004ರವರೆಗೂ ಅವರು ದೇಶವನ್ನು ನಡೆಸಿದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆಸ್ಪತ್ರೆಯಲ್ಲಿ ಎಲ್ಲವೂ ಸರಿಯಾಗಿಯೇ ನಡೆಯಿತು. ಶಸ್ತ್ರಚಿಕಿತ್ಸೆಯ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು, ನಡೆಸಿದರು, ಕಾಗದದಲ್ಲಿ ವ್ಯಾಯಾಮಗಳನ್ನು ಬರೆದುಕೊಟ್ಟರು. ಆ ಕಾಗದವನ್ನು ನಾನು ಮನೆಗೆ ತಂದು ಬೈಬಲಿನ ಒಳಗೆ ಇಟ್ಟೆ. ಅದು ಅಲ್ಲಿಯೇ ಇತ್ತು.

ಮನೆಯಲ್ಲಿ ನನಗೆ ಸಿಕ್ಕಿದ್ದು ಪ್ರೀತಿ. ಆ ಪ್ರೀತಿಯೇ ನನ್ನ ಕಾಲನ್ನು ಕೆಡಿಸಿತು ಎಂದರೆ ನನ್ನ ಮನೆಯವರು ಮುನಿಸಿಕೊಳ್ಳಬಾರದು; ಅವರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ. "ನೀವು ಏಳಬೇಡಿ, ನೀರು ನಾನು ತರುತ್ತೇನೆ" ಎಂದು ಇವಳು. "ಅಪ್ಪಾ, ಹೊಲಿಗೆ ಬಿಟ್ಟೀತು, ಸುಮ್ಮನೆ ಕುಳಿತಿರಿ" ಎಂದು ದುಬಾಯಿಯಿಂದ ದಿನಕ್ಕೆ ಎರಡು ಬಾರಿ ಮಗ. ನೋಡಲು ಬಂದ ನೆಂಟರೆಲ್ಲ ಒಂದೊಂದು ಎಚ್ಚರಿಕೆ ಕೊಟ್ಟು ಹೋದರು. ಚಾವಡಿಯ ಆರಾಮಕುರ್ಚಿಯಲ್ಲಿ ನಾನು ಪಟ್ಟದ ಆನೆಯಂತೆ ಕುಳಿತೆ. ನೋವು ಕಡಿಮೆಯೆಂದು ಮೊಣಕಾಲಿನ ಅಡಿಗೆ ಮೆತ್ತನೆಯ ದಿಂಬು ಇಟ್ಟುಕೊಂಡೆ. ಸೇರಿರುವ ಎಲ್ಲರೂ ದಯವಿಟ್ಟು ಇದನ್ನು ನೆನಪಿಡಬೇಕು: ಆ ದಿಂಬು ಹಿತಶತ್ರು. ಮೊಣಕಾಲು ಅರೆಮಡಚಿದ ಸ್ಥಿತಿಯಲ್ಲಿಯೇ ಬಿಗಿದುಕೊಳ್ಳುತ್ತದೆ. ಮತ್ತೆ ನೆಟ್ಟಗಾಗಲು ಒಪ್ಪುವುದಿಲ್ಲ. ದಿಂಬು ಇಡಲೇಬೇಕಾದರೆ ಹಿಮ್ಮಡಿಯ ಕೆಳಗೆ ಇಡಬೇಕು, ಮೊಣಕಾಲು ತಾನಾಗಿ ಕೆಳಗೆ ಇಳಿಯುವಂತೆ.

ಐದು ವಾರಗಳ ಬಳಿಕ ಪರೀಕ್ಷೆಗೆ ಹೋದಾಗ ನನ್ನ ಕಾಲು ಎಪ್ಪತ್ತು ಡಿಗ್ರಿಗಿಂತ ಹೆಚ್ಚು ಮಡಚಲಿಲ್ಲ, ಪೂರ್ತಿ ನೆಟ್ಟಗೂ ಆಗಲಿಲ್ಲ. ವೈದ್ಯರು ಬೈಯಲಿಲ್ಲ. ಹೀಗೆಯೇ ಮುಂದುವರಿದರೆ ಅರಿವಳಿಕೆ ಕೊಟ್ಟು ಕಾಲನ್ನು ಬಲವಂತವಾಗಿ ಮಡಚಬೇಕಾದೀತು ಎಂದು ಮಾತ್ರ ಹೇಳಿ ಫಿಸಿಯೋಥೆರಪಿ ವಿಭಾಗಕ್ಕೆ ಕಳುಹಿಸಿದರು. ಅಲ್ಲಿ ನನ್ನನ್ನು ಎದುರುಗೊಂಡ ಹೆಣ್ಣುಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಕಾಲನ್ನು ಅಳೆದು ನೋಡಿ, ನಕ್ಕು, "ಮಾಸ್ಟ್ರೇ, ಕಾಲುನೋವೆಂದು ಚೀಟಿ ತಂದರೂ ತಾವು ನನ್ನನ್ನು ಡ್ರಿಲ್ಲಿನಿಂದ ಬಿಡಲಿಲ್ಲ. ಇವತ್ತು ನಾನೂ ಬಿಡುವುದಿಲ್ಲ" ಎಂದಳು. ಬಿಡಲೂ ಇಲ್ಲ. ಮಾಡಿದ ಪಾಪಕ್ಕೆ ಇಹದಲ್ಲೇ ಪ್ರಾಯಶ್ಚಿತ್ತವಾಯಿತು ಎಂದುಕೊಂಡೆ.

ಅವಳು ತಿಳಿಸಿದ ಲೆಕ್ಕವನ್ನು ತಮಗೂ ಹೇಳುತ್ತೇನೆ. ಸಮನೆಲದಲ್ಲಿ ನಡೆಯಲು ಮೊಣಕಾಲು ಸುಮಾರು 65ರಿಂದ 70 ಡಿಗ್ರಿ ಮಡಚಬೇಕು. ಮೆಟ್ಟಿಲು ಹತ್ತಿಳಿಯಲು 90ರಷ್ಟು. ಕುರ್ಚಿಯಿಂದ ಕೈಯೂರದೆ ಏಳಲು 100ರ ಹತ್ತಿರ. ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳಲು 130ನ್ನೂ ಮೀರಿ ಬೇಕು. ಶಸ್ತ್ರಚಿಕಿತ್ಸೆಯಾದವರು ಸಾಮಾನ್ಯವಾಗಿ 110ರಿಂದ 120ರವರೆಗೆ ತಲುಪುತ್ತಾರೆ. ಎಪ್ಪತ್ತರಲ್ಲಿ ನಿಂತ ನಾನು ಇಗರ್ಜಿಯ ಮೊದಲ ಮೆಟ್ಟಿಲಿನ ಕೆಳಗೇ ಉಳಿದವನು! ಇದಕ್ಕಿಂತಲೂ ದೊಡ್ಡ ಸಂಗತಿ ತೊಡೆಯ ಮುಂಭಾಗದ ದೊಡ್ಡ ಸ್ನಾಯು. ಶಸ್ತ್ರಚಿಕಿತ್ಸೆಯ ಮೊದಲ ತಿಂಗಳಲ್ಲಿ ಅದರ ಬಲ ಅರ್ಧದಷ್ಟು ಕುಗ್ಗುತ್ತದೆ. ಲೋಹದ ಕೀಲಿಗೆ ಸ್ವಂತ ಬಲವಿಲ್ಲ. ಎಳೆಯುವವನು ಆ ಸ್ನಾಯು. ಅದಕ್ಕೆ ಕೆಲಸ ಕೊಡದೆ ಕುಳಿತರೆ ಹೊಸ ಬಂಡಿಗೆ ಸೊರಗಿದ ಎತ್ತು ಕಟ್ಟಿದಂತೆ.

ವ್ಯಾಯಾಮಗಳು ಬಹಳ ಸರಳ. ಪಾದವನ್ನು ಮೇಲೆ ಕೆಳಗೆ ಆಡಿಸುವುದು. ಇದರಿಂದ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವುದು ತಪ್ಪುತ್ತದೆ. ಮೊಣಕಾಲನ್ನು ಹಾಸಿಗೆಗೆ ಒತ್ತಿ ತೊಡೆಯನ್ನು ಬಿಗಿಹಿಡಿದು ಐದು ಎಣಿಸುವುದು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮಡಚುವುದು. ಕಾಲನ್ನು ನೆಟ್ಟಗೆ ಒಂದು ಗೇಣು ಎತ್ತಿ ನಿಲ್ಲಿಸುವುದು. ಕುರ್ಚಿಯಲ್ಲಿ ಕುಳಿತು ಪಾದವನ್ನು ಕುರ್ಚಿಯ ಅಡಿಗೆ ಎಳೆಯುವುದು. ದಿನಕ್ಕೆ ಮೂರು ಬಾರಿ, ಪ್ರತಿಯೊಂದನ್ನೂ ಹತ್ತು ಸಲ. ಎಣಿಕೆ ತಪ್ಪದಿರಲೆಂದು ನಾನು ಜಪಸರವನ್ನೇ ಹಿಡಿದೆ; ಒಂದು ದಶಕಕ್ಕೆ ಒಂದು ವ್ಯಾಯಾಮ. ಗುರುಗಳು ಇದನ್ನು ಕ್ಷಮಿಸಬೇಕು. ನೋವು ಇರುತ್ತದೆ. ವೈದ್ಯರು ಕೊಟ್ಟ ನೋವಿನ ಮಾತ್ರೆ ತೆಗೆದುಕೊಂಡು ಅರ್ಧ ಗಂಟೆಯ ಬಳಿಕ ಮಾಡಬೇಕು, ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬೇಕು. ಮಾತ್ರೆಯನ್ನು ನಿದ್ರೆಗಾಗಿ ಮಾತ್ರ ಎಂದು ಕೂಡಿಡುವುದು ಜಾಣತನವಲ್ಲ. ಊತವೂ ಬಿಸಿಯೂ ಕೆಲವು ತಿಂಗಳು ಇರುವುದುಂಟು. ಮೊಣಕಾಲು ಒಮ್ಮೊಮ್ಮೆ ಟಕ್ಕೆನ್ನುವುದೂ ಉಂಟು. ಅದಕ್ಕೆ ಬೆಚ್ಚಬೇಕಾಗಿಲ್ಲ.

ಮೂರು ತಿಂಗಳು ದುಡಿದು ಬಲಗಾಲನ್ನು 105ಕ್ಕೆ ತಂದೆ. ಅದು ಅಲ್ಲಿಯೇ ನಿಂತಿದೆ. ಎಡಗಾಲಿಗೆ ಶಸ್ತ್ರಚಿಕಿತ್ಸೆಯಾದಾಗ ಆರಾಮಕುರ್ಚಿಯನ್ನು ಮೊದಲೇ ಅಟ್ಟಕ್ಕೆ ಹಾಕಿಸಿದೆ. ನೀರಿನ ಹೂಜಿಯನ್ನು ಅಡುಗೆಮನೆಯಲ್ಲೇ ಇಡಿ, ಬಾಯಾರಿದರೆ ನಾನೇ ಬರುತ್ತೇನೆ ಎಂದೆ. ಆರನೆಯ ವಾರಕ್ಕೆ 110, ಈಗ 120. ವೈದ್ಯರೂ ಅವರೇ, ಲೋಹವೂ ಅದೇ.

ಇನ್ನು ನಮ್ಮ ಮನೆಗಳ ಮಾತು. ಮಂಗಳೂರಿನ ಹಳೆಯ ಮನೆ ಮೊಣಕಾಲಿಗಾಗಿ ಕಟ್ಟಿದ್ದಲ್ಲ. ಎತ್ತರದ ಹೊಸ್ತಿಲು, ನುಣುಪಾದ ಕೆಂಪು ನೆಲ, ಅಂಗಳದ ಕಲ್ಲಿನ ಮೇಲೆ ಜೂನ್ ತಿಂಗಳಿಂದ ಹಬ್ಬುವ ಹಾವಸೆ. ಹೆಂಗಸರು ಮೆಟ್ಟುಕತ್ತಿಯ ಮುಂದೆ, ಹೆರೆಮಣೆಯ ಮೇಲೆ ನೆಲಮಟ್ಟದಲ್ಲಿ ಕುಳಿತು ಅರ್ಧ ಜೀವಮಾನ ಕಳೆದವರು. ಶಸ್ತ್ರಚಿಕಿತ್ಸೆಯಾದ ಮೇಲೆ ಅಡುಗೆಮನೆಗೆ ಕಾಲಿಡಬಾರದೆಂದು ಸೊಸೆಯಂದಿರು ಹೇಳುವುದನ್ನು ಕೇಳಿದ್ದೇನೆ. ಕಾಲಿಡಬೇಕು, ಕುಳಿತುಕೊಳ್ಳಬಾರದು. ನಿಂತು ತರಕಾರಿ ಹೆಚ್ಚಬಹುದು, ಮೇಜಿಗೆ ತಿರುಗಿಸುವ ತೆಂಗಿನಕಾಯಿ ತುರಿಯುವ ಯಂತ್ರ ಸಿಕ್ಕಿಸಬಹುದು. ಕಕ್ಕಸು ಕುರ್ಚಿಯಂಥದ್ದೇ ಇರಬೇಕು, ಪಕ್ಕದಲ್ಲಿ ಹಿಡಿಯಲು ಸರಳು. ಹಾವಸೆಯನ್ನು ಮಳೆಗೆ ಮೊದಲೇ ಉಜ್ಜಿಸಬೇಕು. ಜಾರಿಬಿದ್ದು ಹೊಸ ಕೀಲಿನ ಸುತ್ತಲಿನ ಎಲುಬು ಮುರಿದರೆ ಅದನ್ನು ಸರಿಪಡಿಸುವುದು ಮೊದಲಿನ ಚಿಕಿತ್ಸೆಗಿಂತ ಕಷ್ಟ.

ನಮ್ಮ ಊರು ಗುಡ್ಡಗಳ ಊರು. ಬರ್ಲಿನ್ನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಳತೆಗಳಿವೆ. ಕೃತಕ ಕೀಲಿನೊಳಗೆ ಭಾರ ಅಳೆಯುವ ಸಾಧನವಿಟ್ಟು ನೋಡಿದ್ದು. ಸಮನೆಲದಲ್ಲಿ ನಡೆಯುವಾಗ ಮೊಣಕಾಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. ಮೆಟ್ಟಿಲು ಹತ್ತುವಾಗ ಮೂರು ಪಟ್ಟಿಗಿಂತ ಹೆಚ್ಚು. ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವೆಂದು ನಮ್ಮ ಅಜ್ಜಿಯಂದಿರು ಗೊಣಗುತ್ತಿದ್ದುದು ಸುಳ್ಳಲ್ಲ. ಆದ್ದರಿಂದ ಬಾವುಟಗುಡ್ಡೆಯ ಇಳಿಜಾರಿನಿಂದ ಆರಂಭಿಸಬೇಡಿ. ಕದ್ರಿ ಪಾರ್ಕಿನಂಥ ಸಮನೆಲದ ದಾರಿಯೇ ಮೊದಲಿಗೆ ಲೇಸು. ಪಣಂಬೂರಿನ ಮರಳು ನೋಡಲು ಮೆತ್ತಗೆ, ಆದರೆ ಪಾದ ಹೂತು ಮೊಣಕಾಲು ತಿರುಚುತ್ತದೆ. ಅದು ಆಮೇಲಿನ ಮಾತು. ಕೋಲನ್ನು ಶಸ್ತ್ರಚಿಕಿತ್ಸೆಯಾದ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ನೂರರಲ್ಲಿ ಎಂಬತ್ತು ಮಂದಿ ತಪ್ಪು ಕೈಯಲ್ಲಿ ಹಿಡಿಯುತ್ತಾರೆ. ಇದು ನನ್ನ ಸ್ವಂತ ಅಂದಾಜು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಚಿಕಿತ್ಸೆಯಾದ ಕಾಲು ಮೊದಲು. ನಮ್ಮ ಸಿಟಿ ಬಸ್ಸಿನ ಮೆಟ್ಟಿಲು ಮಾತ್ರ ಯಾವ ನಿಯಮಕ್ಕೂ ಸಿಗುವುದಿಲ್ಲ. ಕಂಡಕ್ಟರನು "ರೈಟ್" ಎನ್ನುವ ಮೊದಲೇ ಎರಡೂ ಕಾಲು ಒಳಗಿರಬೇಕಾದುದರಿಂದ ಮೊದಲ ಮೂರು ತಿಂಗಳು ಬಸ್ಸಿನ ಗೊಡವೆ ಬೇಡ.

ಎಷ್ಟು ನಡೆಯಬೇಕೆಂದು ಕೇಳುತ್ತಾರೆ. ವಾರಕ್ಕೆ 150 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಜೊತೆಗೆ ವಾರದಲ್ಲಿ ಮೂರು ದಿನ ಸಮತೋಲದ ಅಭ್ಯಾಸ ಎಂದು ವಿಶ್ವ ಆರೋಗ್ಯ ಸಂಸ್ಥೆ ಅರುವತ್ತೈದು ದಾಟಿದವರಿಗೂ ಹೇಳಿದೆ. ಮೊದಲ ವಾರವೇ ಅದನ್ನು ಮುಟ್ಟಬೇಕಾಗಿಲ್ಲ. ಐದು ನಿಮಿಷದ ನಡಿಗೆ, ದಿನಕ್ಕೆ ನಾಲ್ಕು ಸಲ, ಹಾಗೆ ಏರಿಸುತ್ತ ಹೋಗುವುದು. ಈಜು, ನಿಂತ ಸೈಕಲ್, ತೋಟದ ಹಗುರ ಕೆಲಸ, ಮದುವೆಯಲ್ಲಿ ಒಂದು ಸುತ್ತು ನೃತ್ಯ, ಎಲ್ಲವೂ ಆಗುತ್ತದೆ. ಓಡುವುದು, ಹಾರುವುದು, ಫುಟ್‌ಬಾಲ್ ಬೇಡ. ಮೊಮ್ಮಗ ಮೈದಾನದಲ್ಲಿ ಚೆಂಡನ್ನು ನನ್ನ ಕಡೆಗೆ ಒದ್ದಾಗ ಅದನ್ನು ಕೈಯಿಂದ ಎತ್ತಿ ಕೊಡುವುದು ನನಗೆ ಈಗಲೂ ಕಷ್ಟವಾಗುತ್ತದೆ; ಕಾಲು ತಾನಾಗಿ ಹಿಂದಕ್ಕೆ ಹೋಗುತ್ತದೆ.

ಕೆಲವರು ಹೊಸ ಮೊಣಕಾಲನ್ನು ಕಪಾಟಿನ ಪಿಂಗಾಣಿ ಪಾತ್ರೆಯಂತೆ ಜೋಪಾನ ಮಾಡುತ್ತಾರೆ, ಬಳಸಿದರೆ ಸವೆದೀತೆಂದು. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ ಇಂಥ ಪೂರ್ಣ ಕೀಲುಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ. ಎಪ್ಪತ್ತರಲ್ಲಿ ಹಾಕಿಸಿಕೊಂಡವರು ಲೆಕ್ಕ ಹಾಕಿಕೊಳ್ಳಲಿ, ಯಾರು ಮೊದಲು ಸವೆಯುತ್ತಾರೆಂದು.

ಆದರೆ ಕೆಲವು ಲಕ್ಷಣಗಳಿಗೆ ತಡಮಾಡಕೂಡದು. ಜ್ವರದೊಂದಿಗೆ ಮೊಣಕಾಲು ಕೆಂಪಗಾದರೆ, ಗಾಯ ಸೋರಿದರೆ, ಮೀನಖಂಡ ಊದಿ ನೋಯುತ್ತಿದ್ದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಎದೆನೋವು ಬಂದರೆ, ಉಸಿರು ಕಟ್ಟಿದರೆ ನೇರ ಆಸ್ಪತ್ರೆಗೆ. ಸಕ್ಕರೆ ಕಾಯಿಲೆಯವರು ಪಾದದ ಸಣ್ಣ ಹುಣ್ಣನ್ನೂ ಕಡೆಗಣಿಸಬಾರದು. ಅಲ್ಲಿಯ ಸೋಂಕು ರಕ್ತದಲ್ಲಿ ಸಾಗಿ ಕೀಲಿಗೆ ಇಳಿಯಬಲ್ಲದು.

ಇಗರ್ಜಿಯಲ್ಲಿ ನಿಂತು ಮೊಣಕಾಲೂರುವ ಮಾತು ಆಡದಿದ್ದರೆ ಈ ಭಾಷಣ ಮುಗಿಯದು. ಹೆಚ್ಚಿನವರು ನನ್ನನ್ನು ಗುಟ್ಟಾಗಿ ಕೇಳಿದ್ದೂ ಇದನ್ನೇ. ಗಾಯ ಪೂರ್ತಿ ಮಾಗಿದ ಮೇಲೆ, ವೈದ್ಯರನ್ನು ಕೇಳಿಕೊಂಡು, ಹಲವರು ಮೊಣಕಾಲೂರಬಲ್ಲರು. ಅದರಿಂದ ಕೀಲು ಕೆಡುವುದಿಲ್ಲ. ಗಾಯದ ಗುರುತಿನ ಹೊರಬದಿಯಲ್ಲಿ ಚರ್ಮ ಜೋಮು ಹಿಡಿದಂತೆ ಇರುವುದರಿಂದ ಮೊದಲಿಗೆ ವಿಚಿತ್ರವೆನಿಸುತ್ತದೆ. ಮೆತ್ತೆ ಹಾಕಿ, ಮುಂದಿನ ಬೆಂಚನ್ನು ಹಿಡಿದು ಇಳಿಯಬೇಕು. ಏಳುವಾಗ ಗಟ್ಟಿ ಕಾಲಿನ ಪಾದವನ್ನು ಮುಂದಿಡಬೇಕು. ಮೊದಲು ಮನೆಯ ಹಾಸಿಗೆಯ ಮೇಲೆ ಅಭ್ಯಾಸ ಮಾಡಿ. ಆಗದವರು ಕೊರಗಬೇಕಾಗಿಲ್ಲ. ಪೂಜಾವಿಧಿಯ ಸಾಮಾನ್ಯ ನಿರ್ದೇಶಗಳ 43ನೆಯ ಪರಿಚ್ಛೇದದಲ್ಲಿ, ಅನಾರೋಗ್ಯದಿಂದ ಮೊಣಕಾಲೂರಲಾಗದವರು ಪ್ರತಿಷ್ಠಾಪನೆಯ ಬಳಿಕ ಗುರುಗಳು ಮೊಣಕಾಲೂರಿ ವಂದಿಸುವಾಗ ಆಳವಾಗಿ ಬಾಗಿ ವಂದಿಸಬೇಕೆಂದು ಸ್ಪಷ್ಟವಾಗಿ ಇದೆ. ನಾನು ಕೊನೆಯ ಬೆಂಚಿನಲ್ಲಿ ಆರು ವರ್ಷ ಅಡಗಿ ಕುಳಿತಾಗ ಇದು ತಿಳಿದಿದ್ದರೆ ಮುಂದೆಯೇ ಕುಳಿತಿರುತ್ತಿದ್ದೆ.

ಮೊಣಕಾಲೂರಿ ವಂದಿಸುವ ಕ್ರಮ ಬಲಗಾಲಿನದು. ನನ್ನ ಹಟಮಾರಿ ಕಾಲೂ ಅದೇ. 2022ರ ತಪಸ್ಸುಕಾಲದಲ್ಲಿ ಎಡಗಾಲಿಗೆ ಇನ್ನೂ ಎರಡು ತಿಂಗಳು. ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಾನಗಳಲ್ಲೂ ನಿಂತೇ ಬಾಗಿದೆ. ಮರುವರ್ಷ ಏಳು ಸ್ಥಾನಗಳಲ್ಲಿ ಊರಿದೆ. ಆಮೇಲಿನ ವರ್ಷ ಹದಿನಾಲ್ಕೂ ಆಯಿತು. ಹನ್ನೆರಡನೆಯದರಲ್ಲಿ ಏಳಲು ಪಕ್ಕದವರ ಹೆಗಲನ್ನು ಹಿಡಿದೆ. ಅವರು ಸ್ವತಃ ನನ್ನ ಹೆಗಲನ್ನು ಹಿಡಿಯಲಿದ್ದರಂತೆ.

ಈಗ ಮಂಡಳಿಯವರಲ್ಲಿ ಎರಡು ಬಿನ್ನಹ. ಶತಮಾನೋತ್ಸವಕ್ಕಾಗಿ ಗೋಪುರಕ್ಕೆ ಬಣ್ಣವಾಯಿತು, ದೀಪಾಲಂಕಾರವಾಯಿತು, ಬಹಳ ಸಂತೋಷ. ಆ ಹತ್ತೊಂಬತ್ತು ಮೆಟ್ಟಿಲುಗಳ ಎರಡೂ ಬದಿಗೆ ಹಿಡಿಸರಳು ಹಾಕಿಸಬೇಕು. ಒಂದೇ ಬದಿಗೆ ಹಾಕಿದರೆ ಹತ್ತುವಾಗ ಹಿಡಿದ ಕೈಗೆ ಇಳಿಯುವಾಗ ಸರಳು ಸಿಗದು. ಎರಡನೆಯದು ಮಳೆಗಾಲದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮೊಂತಿ ಹಬ್ಬದ ನೊವೆನಾ ಮುಗಿಯುವತನಕ, ನಮ್ಮ ಹಿರಿಯರು ಮನೆಯೊಳಗೆ ಸೆರೆ. ವರ್ಷವಿಡೀ ಗಳಿಸಿದ ಬಲ ಆ ನಾಲ್ಕು ತಿಂಗಳಲ್ಲಿ ಕರಗುತ್ತದೆ. ಮಕ್ಕಳು ಪರದೇಶದಲ್ಲಿರುವ ಮನೆಗಳಲ್ಲಂತೂ ಏಳಿ ನಡೆಯಿರಿ ಎನ್ನಲು ಒಬ್ಬರೂ ಇಲ್ಲ. ನಾವು ಕುಳಿತಿರುವ ಈ ಸಭಾಭವನ ಆಗ ಮದುವೆಗಳಿಲ್ಲದೆ ಬೀಗ ಹಾಕಿಕೊಂಡಿರುತ್ತದೆ. ಇದರೊಳಗೆ ಗೋಡೆಯುದ್ದಕ್ಕೂ ಒಂದು ಸುತ್ತು ಬಂದರೆ ನನ್ನ ಹೆಜ್ಜೆಯಲ್ಲಿ ನೂರ ಇಪ್ಪತ್ತು, ನಿನ್ನೆ ಎಣಿಸಿದ್ದೇನೆ. ನೆಲ ಸಮ, ಗಾಳಿ ಇದೆ, ಕುಳಿತು ದಣಿವಾರಿಸಲು ಕುರ್ಚಿಗಳಿವೆ. ಬೀಗದ ಕೈ ನನ್ನ ಬಳಿ ಕೊಟ್ಟರೆ ಬೆಳಗಿನ ಪೂಜೆ ಮುಗಿದ ಕೂಡಲೇ ನಾನೇ ಬಂದು ತೆರೆಯುತ್ತೇನೆ, ಒಂದು ಗಂಟೆಯ ಬಳಿಕ ಮುಚ್ಚಿ ಹೋಗುತ್ತೇನೆ. ಹಳೆಯ ಸೀಟಿ ಇನ್ನೂ ಮನೆಯಲ್ಲಿದೆ. ಬೇಕೆಂದರೆ ಅದನ್ನೂ ತರುತ್ತೇನೆ.